ಬಂಡಲ್ ಬಿಚ್ಚದೆ ಲೆಕ್ಕ ಹೇಳುವುದು

ಬ್ಯಾಂಕಿನಲ್ಲಿ ಕ್ಯಾಶ್ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್. ಐನೂರರ ನೋಟಿನ ಬಂಡಲ್ ಅಂದರೆ ಐದು ಲಕ್ಷ. ಸಂಜೆ ಸೇಫಿನಲ್ಲಿ ಅಂಥವು ಇಪ್ಪತ್ತು ಇದ್ದರೆ ಒಂದು ಕೋಟಿ, ಮುಗಿಯಿತು. ಇಪ್ಪತ್ತು ಸಾವಿರ ನೋಟುಗಳನ್ನು ಯಾರೂ ಮತ್ತೆ ಎಣಿಸುತ್ತ ಕೂರುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಚೀಟಿ ಇದೆ, ಎಣಿಸಿದವರ ಸಹಿ ಇದೆ, ತಾರೀಕು ಇದೆ. ಬಂಡಲ್ ಬಿಚ್ಚದೆ ಲೆಕ್ಕ ಸಿಕ್ಕಿತು.

ಆದರೆ ಇದಕ್ಕೊಂದು ಕರಾರಿದೆ ನೋಡಿ. ಒಂದು ಬಂಡಲಿನಲ್ಲಿ ಒಂದೇ ಬೆಲೆಯ ನೋಟು ಇರಬೇಕು. ಹತ್ತು, ನೂರು, ಐನೂರು ಎಲ್ಲ ಸೇರಿಸಿ ಎಷ್ಟೇ ಬಿಗಿಯಾಗಿ ಕಟ್ಟಿ, ಜಾಗವೇನೋ ಅಷ್ಟೇ ಹಿಡಿಯುತ್ತದೆ. ಆದರೆ "ಇದರಲ್ಲಿ ಎಷ್ಟಿದೆ?" ಅಂತ ಕೇಳಿದರೆ ಬಿಚ್ಚಲೇಬೇಕು.

ಕಂಪ್ಯೂಟರಿನಲ್ಲಿ ಹಳೆಯ ಲೆಕ್ಕಪತ್ರವನ್ನು ಕುಗ್ಗಿಸಿ ಇಡುವುದರ ಗುಟ್ಟೂ ಇಷ್ಟೇ. ಕುಗ್ಗಿಸುವುದನ್ನು ಎಲ್ಲರೂ ಮಾಡುತ್ತಾರೆ. ಕುಗ್ಗಿಸಿದ್ದನ್ನು ಬಿಚ್ಚದೆ ಅದರಿಂದ ಉತ್ತರ ಪಡೆಯುವುದು ಬೇರೆಯೇ ವಿದ್ಯೆ. ನಾನು ಕಂಪ್ಯೂಟರ್ ಓದಿದವನಲ್ಲ, ಬಿ.ಕಾಂ. ಮುಗಿಸಿ 1991ರಲ್ಲಿ ಹುಬ್ಬಳ್ಳಿಯಿಂದ ಮುಂಬಯಿಗೆ ಬಂದು ಲೆಡ್ಜರ್ ಬರೆಯುತ್ತ ಬೆಳೆದವನು. ಆದರೂ ಈ ವಿಷಯ ನನ್ನ ತಲೆ ಹೊಕ್ಕಿದ್ದು ಯಾವುದೋ ತರಬೇತಿಯಲ್ಲಿ ಅಲ್ಲ, ಒಬ್ಬ ಅಜ್ಜಿಯಿಂದ.

2012ರ ಮಾತು. ಆಗ ನಾನು ಕಲ್ಯಾಣ ಕಡೆಯ ಒಂದು ಶಾಖೆಯಲ್ಲಿದ್ದೆ. ಅಜ್ಜಿಯ ಊರು ವಿಜಯಪುರ ಜಿಲ್ಲೆ, ಇಲ್ಲಿಗೆ ಬಂದು ನಲವತ್ತು ವರ್ಷ. ಗಂಡ ಒಂದು ಸರಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, 2006ರ ಆಗಸ್ಟಿನಲ್ಲಿ ತೀರಿಕೊಂಡರು. ಗಂಡನ ಪಿಂಚಣಿ ನಿಂತು ಅಜ್ಜಿಯ ಹೆಸರಿನ ಕುಟುಂಬ ಪಿಂಚಣಿ ಶುರುವಾಗಿದ್ದು 2007ರ ಏಪ್ರಿಲಿನಲ್ಲಿ. ನಡುವಿನ ಏಳು ತಿಂಗಳದ್ದು ಬರಲೇ ಇಲ್ಲ. ಕಳಿಸುವ ಕಚೇರಿಯವರು "ನಾವು ಕಳಿಸಿದ್ದೇವೆ, ಬ್ಯಾಂಕಿನಲ್ಲಿ ಕೇಳಿ" ಅನ್ನುತ್ತಿದ್ದರು. ಬ್ಯಾಂಕಿನವರು "ನಿಮ್ಮ ಖಾತೆಗೆ ಬಂದಿಲ್ಲ" ಅನ್ನುತ್ತಿದ್ದರು. ಈ ಎರಡರ ನಡುವೆ ಆಕೆ ಐದು ವರ್ಷ ಓಡಾಡಿದ್ದರು.

ನಾನು ಕನ್ನಡದವನೆಂದು ಗೊತ್ತಾಗಿದ್ದೇ ತಡ, ಕುರ್ಚಿ ಎಳೆದುಕೊಂಡು ಕೂತರು. "ಸಾಹೇಬ್ರ, ರೊಕ್ಕ ನೀವು ಕೊಡೂದು ಬ್ಯಾಡ್ರಿ. ಬಂದಿಲ್ಲಂತ ಒಂದ್ ಕಾಗದದಾಗ ಬರದ್ ಕೊಡ್ರಿ, ಸಾಕು. ಉಳದದ್ದು ನಾ ನೋಡ್ಕೋತೀನಿ."

ಬರೆದುಕೊಡುವುದು ಅಷ್ಟು ಸುಲಭವೇ? ಆ ಏಳು ತಿಂಗಳಲ್ಲಿ ಆಕೆಯ ಖಾತೆಯೇ ತೆರೆದಿರಲಿಲ್ಲ. ಹಣ ತಪ್ಪಿ ಗಂಡನ ಹಳೇ ಖಾತೆಗೋ, ಯಾರದೋ ಖಾತೆಗೋ, ಬೇರೆ ಶಾಖೆಯ ಸಸ್ಪೆನ್ಸ್ ಖಾತೆಗೋ ಹೋಗಿರಬಹುದಲ್ಲ! ಒಂದು ಖಾತೆಗೆ ಬಂದಿಲ್ಲ ಎನ್ನಲು ಒಂದು ಸ್ಟೇಟ್‌ಮೆಂಟ್ ಸಾಕು. ಇಡೀ ಬ್ಯಾಂಕಿನ ಯಾವ ಖಾತೆಗೂ ಬಂದಿಲ್ಲ ಎನ್ನಲು ಇಡೀ ಬ್ಯಾಂಕನ್ನೇ ನೋಡಬೇಕು. "ಇದೆ" ಅನ್ನಲು ಒಂದು ಸಾಲು ಸಿಕ್ಕರೆ ಆಯಿತು, "ಇಲ್ಲ" ಅನ್ನಲು ಎಲ್ಲ ಸಾಲೂ ಬೇಕು.

ಹಳೆಯ ವಹಿವಾಟೆಲ್ಲ ಅಷ್ಟರಲ್ಲಿ ಆರ್ಕೈವ್ ಸೇರಿತ್ತು. ತಿಂಗಳಿಗೊಂದು ಫೈಲು. ಎಲ್ಲ ಶಾಖೆಗಳ ಎಲ್ಲ ವಹಿವಾಟೂ ಸಾಲಾಗಿ ಬರೆದು ಜಿಜಿಪ್ ಮಾಡಿ ಒತ್ತಿಟ್ಟಿದ್ದರು. ಜಾಗ ಬಹಳ ಉಳಿಯಿತು ಅಂತ ಆಗ ಮೆಚ್ಚುಗೆಯ ಸರ್ಕ್ಯುಲರ್ರೂ ಬಂದಿತ್ತಂತೆ. ನಾವು ಮನವಿ ಕಳಿಸಿದೆವು, ಉತ್ತರ ಬರಲು ಹನ್ನೊಂದು ವಾರ ಹಿಡಿಯಿತು. ಮನವಿ ಸರದಿಯಲ್ಲಿ ಕಾಯಬೇಕು, ಫೈಲು ಬಿಚ್ಚಲು ಡಿಸ್ಕಿನಲ್ಲಿ ಜಾಗ ಸಿಗಬೇಕು, ಆಮೇಲೆ ರಾತ್ರಿ ಹೊತ್ತು ಮೊದಲಿನಿಂದ ಕೊನೆವರೆಗೆ ಓದಿಸಬೇಕು. ಹೀಗೆ ಏಳು ಸಲ.

ಕೊನೆಗೆ ಉತ್ತರ ಬಂತು. ಯಾವ ಖಾತೆಗೂ ಬಂದಿಲ್ಲ. ಆ ಕಾಗದ ಹಿಡಿದುಕೊಂಡು ಹೋದ ಅಜ್ಜಿಗೆ ಬಾಕಿ ಹಣವೂ ಸಿಕ್ಕಿತು. ಆದರೆ ಆ ಹನ್ನೊಂದು ವಾರದಲ್ಲಿ ಖೋಲಿ ಬಾಡಿಗೆಗೆಂದು ಬೆಂಡೋಲೆ ಅಡವು ಬಿದ್ದಿತ್ತು. ಜಾಗ ಉಳಿಸಿಕೊಂಡದ್ದು ಬ್ಯಾಂಕು, ಕಾಯುತ್ತ ಕೂತದ್ದು ಅಜ್ಜಿ. ಈ ಲೆಕ್ಕ ಯಾವ ಸರ್ಕ್ಯುಲರಿನಲ್ಲೂ ಬರುವುದಿಲ್ಲ.

ಇರಲಿ. ಆ ಫೈಲಿನಲ್ಲಿ ಹುಡುಕುವುದು ಯಾಕಷ್ಟು ಕಷ್ಟ ಅನ್ನುವುದನ್ನು ನೋಡೋಣ.

ನಮ್ಮ ಕಡೆಯ ಹಳೆಯ ಕ್ರಯಪತ್ರ ಓದಿದ್ದೀರಾ? ಮೊದಲ ಸಲ ಹೊಲದ ವಿವರ ಪೂರ್ತಿ ಇರುತ್ತದೆ. ಸರ್ವೆ ನಂಬರು, ಎಕರೆ, ಗುಂಟೆ, ಚೆಕ್ಕುಬಂದಿ. ಆಮೇಲೆಲ್ಲ ಬರೀ "ಸದರಿ ಸ್ವತ್ತು", "ಸದರಿಯವರು". ಬರೆಯುವವನಿಗೆ ಕೈನೋವು ಉಳಿಯಿತು. ಆದರೆ ನಡುವಿನ ಹಾಳೆಯೊಂದನ್ನೇ ಕೈಗೆ ಕೊಟ್ಟರೆ ಏನು ತಿಳಿಯುತ್ತದೆ? ಸದರಿ ಅಂದರೆ ಯಾವುದು ಅಂತ ಹಿಂದಕ್ಕೆ ಹೋಗಲೇಬೇಕು. ಜಿಜಿಪ್ ಮಾಡುವುದೂ ಬಹುಪಾಲು ಇದನ್ನೇ. 1977ರಲ್ಲಿ ಲೆಂಪೆಲ್ ಮತ್ತು ಝಿವ್ ಎಂಬ ಇಬ್ಬರು ಕೊಟ್ಟ ವಿಧಾನ ಅದರ ಬೆನ್ನೆಲುಬು: ಒಮ್ಮೆ ಬಂದ ಅಕ್ಷರಗಳ ಸಾಲು ಮತ್ತೆ ಬಂದರೆ ಪೂರ್ತಿ ಬರೆಯದೆ "ಇಷ್ಟು ಹಿಂದೆ ಹೋಗಿ ಇಷ್ಟು ಅಕ್ಷರ ತಗೋ" ಅಂತ ಬರೆಯುವುದು. ಜಿಜಿಪ್ ಹೀಗೆ 32 ಸಾವಿರದಷ್ಟು ಬೈಟು ಹಿಂದಕ್ಕೆ ಕೈತೋರಿಸಬಲ್ಲದು. ಆ ಹಿಂದಿನದ್ದು ಅದಕ್ಕೂ ಹಿಂದಿನದರ ಕಡೆ ಕೈತೋರಿಸುತ್ತಿರುತ್ತದೆ. ಜೊತೆಗೆ ಹಫ್‌ಮನ್ 1952ರಲ್ಲಿ ಕೊಟ್ಟ ಉಪಾಯ: ಹೆಚ್ಚು ಸಲ ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ಹೀಗಾಗಿ ಸಾಲು ಎಲ್ಲಿ ಮುಗಿಯಿತು ಅನ್ನುವುದೂ ಹೊರಗಿನಿಂದ ಗೊತ್ತಾಗುವುದಿಲ್ಲ.

ಇದು ಕೆಟ್ಟ ವಿಧಾನವಲ್ಲ. ಪತ್ರ ಕಳಿಸಲು, ಫೋಲ್ಡರ್ ಕಳಿಸಲು ಬಹಳ ಒಳ್ಳೆಯದು. ಪೂರ್ತಿ ಬಿಚ್ಚಿ ಡಿಸ್ಕ್ ತುಂಬಿಸದೆ, ಹರಿಯಬಿಟ್ಟು ಹುಡುಕುವ ಝೆಡ್‌ಗ್ರೆಪ್‌ನಂಥ ಸಲಕರಣೆಗಳೂ ಇವೆ. ಆದರೆ ಅವೂ ಮೊದಲ ಅಕ್ಷರದಿಂದಲೇ ಶುರು ಮಾಡಬೇಕು. ಒತ್ತಿದವರಿಗೆ ಇದು ವಹಿವಾಟಿನ ಲೆಕ್ಕ, ಇಲ್ಲಿ ತಾರೀಕಿದೆ, ಇಲ್ಲಿ ಮೊತ್ತವಿದೆ ಎನ್ನುವ ಪರಿವೆ ಇಲ್ಲ. ಬಗೆಬಗೆಯ ನೋಟನ್ನು ಒಟ್ಟಿಗೆ ಕಟ್ಟಿದ ಬಂಡಲ್ ಅದು.

ಹಾಗಾದರೆ ಸರಿಯಾಗಿ ಕಟ್ಟುವುದು ಹೇಗೆ?

ಕೆಲವು ವರ್ಷಗಳ ನಂತರ ನನ್ನನ್ನು ದಾಖಲೆಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ಹಾಕಿದರು. ಅಲ್ಲಿಗೆ ಪುಣೆಯಲ್ಲಿ ಓದಿದ ಒಬ್ಬ ಹುಡುಗಿ ಕೆಲಸಕ್ಕೆ ಸೇರಿದಳು. ಹಳೆಯ ಫೈಲುಗಳನ್ನು ನೋಡಿ ಅವಳು ಕೇಳಿದ ಮೊದಲ ಪ್ರಶ್ನೆ, "ಸರ್, ಇದರಲ್ಲಿ ಎಷ್ಟು ಕಾಲಂ ಇವೆ? ಜನ ಸಾಮಾನ್ಯವಾಗಿ ಕೇಳೋದು ಎಷ್ಟನ್ನ?" ಕಾಲಂ ನಲವತ್ತು, ಕೇಳುವುದು ಮೂರೋ ನಾಲ್ಕೋ. "ಮತ್ತೆ ಉಳಿದ ಮೂವತ್ತಾರನ್ನ ಯಾಕೆ ಓದಬೇಕು?" ಅಂದಳು.

ನಿಜ ತಾನೇ! ಸಾಲು ಸಾಲಾಗಿ ಬರೆದರೆ ತಾರೀಕಿನ ಪಕ್ಕ ಶಾಖೆ, ಶಾಖೆಯ ಪಕ್ಕ ಖಾತೆ, ಅದರ ಪಕ್ಕ ಮೊತ್ತ. ಒಂದನ್ನು ನೋಡಲು ಎಲ್ಲವನ್ನೂ ದಾಟಬೇಕು. ಅದರ ಬದಲು ತಾರೀಕುಗಳೆಲ್ಲ ಒಂದು ಕಡೆ, ಶಾಖೆಗಳೆಲ್ಲ ಒಂದು ಕಡೆ, ಮೊತ್ತಗಳೆಲ್ಲ ಒಂದು ಕಡೆ ಇಟ್ಟರೆ? ಬೇಕಾದ ಕಾಲಂ ಮಾತ್ರ ತೆಗೆದರೆ ಆಯಿತು. ಇನ್ನೊಂದು ಲಾಭವೂ ಇದೆ: ಒಂದೇ ಜಾತಿಯದ್ದು ಒಟ್ಟಿಗಿದ್ದರೆ ಒತ್ತುವುದೂ ಸುಲಭ, ಒತ್ತಿದ ಮೇಲೆ ಕೇಳುವುದೂ ಸುಲಭ.

ಅದು ಹೇಗೆ ಅಂತೀರಾ? ಮೊದಲನೆಯದು ಪದಕೋಶ. ವಹಿವಾಟಿನ ಬಗೆ ಎಂಬ ಕಾಲಂನಲ್ಲಿ ಲಕ್ಷಗಟ್ಟಲೆ ಸಾಲಿದ್ದರೂ ಬೇರೆ ಬೇರೆ ಪದಗಳು ಹದಿಮೂರೋ ಹದಿನಾಲ್ಕೋ ಇರುತ್ತವೆ. ಅವನ್ನು ಒಮ್ಮೆ ಮಾತ್ರ ಬರೆದು ನಂಬರು ಕೊಡುವುದು. ಹದಿನಾರು ಪದಗಳವರೆಗೆ ನಾಲ್ಕೇ ಬಿಟ್ ಸಾಕು. "ಉಳಿತಾಯ" ಅಂತ ಯುನಿಕೋಡಿನ ಯುಟಿಎಫ್-8ರಲ್ಲಿ ಬರೆದರೆ 18 ಬೈಟು, ಅಂದರೆ 144 ಬಿಟ್. ಅದರ ಜಾಗದಲ್ಲಿ ನಾಲ್ಕು. ಕನ್ನಡದಲ್ಲಿ ಲೆಕ್ಕ ಇಟ್ಟರೆ ಜಾಗ ಹೆಚ್ಚು ಬೇಕು ಎನ್ನುವವರಿಗೆ ಇದನ್ನೊಮ್ಮೆ ಹೇಳಿ.

ಹುಡುಕುವಾಗ ಇದರ ಮಜಾ ನೋಡಿ. "ಪಿಂಚಣಿ" ಎಂಬ ಪದವನ್ನು ಲಕ್ಷ ಸಾಲುಗಳಲ್ಲಿ ಹುಡುಕಬೇಕಿಲ್ಲ. ಪದಕೋಶದಲ್ಲಿ ಒಮ್ಮೆ ನೋಡಿ: ಅದರ ನಂಬರು 7. ಇನ್ನು ಪದವನ್ನು ಮರೆತು 7 ಎಲ್ಲಿದೆ ಅಂತ ನೋಡುತ್ತ ಹೋದರಾಯಿತು. ಪದಕೋಶದಲ್ಲೇ ಪಿಂಚಣಿ ಇಲ್ಲದಿದ್ದರೆ? ಆ ಕಂತೆಯನ್ನು ಮುಟ್ಟುವುದೇ ಬೇಡ.

ಎರಡನೆಯದು ಒಂದೇ ಬೆಲೆ ಸಾಲಾಗಿ ಬಂದಾಗ. ಶಾಖೆವಾರು ಜೋಡಿಸಿದ್ದರೆ 412 ಎಂಬ ಶಾಖೆ ಹದಿನೆಂಟು ಸಾವಿರ ಸಲ ಬರುತ್ತದೆ. ಅದನ್ನು "412, 18,000 ಸಲ" ಅಂತ ಬರೆಯುವುದು. ಶುಲ್ಕದ ಕಾಲಂನಲ್ಲಿ "15 ರೂಪಾಯಿ, 6,200 ಸಲ" ಅಂತಿದ್ದರೆ ಒಟ್ಟು ಎಷ್ಟು? 6,200 ಸಲ ಕೂಡುವವನನ್ನು ನಮ್ಮ ಬಿ.ಕಾಂ. ಮೇಷ್ಟ್ರು ಕ್ಲಾಸಿನಿಂದ ಹೊರಗೆ ಹಾಕುತ್ತಿದ್ದರು. ಗುಣಿಸಿದರೆ 93,000. ಬಂಡಲ್ ಬಿಚ್ಚದೆ ಲೆಕ್ಕ ಹೇಳುವುದು ಅಂದರೆ ಇದು. ಒತ್ತಿದ್ದರಿಂದ ಕೆಲಸ ನಿಧಾನವಾಗಲಿಲ್ಲ, ಬೇಗ ಆಯಿತು.

ಮೂರನೆಯದು ವ್ಯತ್ಯಾಸ ಬರೆಯುವುದು. ವೋಚರ್ ನಂಬರು 8,45,001, 8,45,002, 8,45,003 ಅಂತ ಹೋಗುತ್ತಿದ್ದರೆ ಮೊದಲನೆಯದನ್ನು ಪೂರ್ತಿ ಬರೆದು ಮುಂದೆ ಒಂದು, ಒಂದು ಅಂತ ಬರೆದರೆ ಸಾಕು.

ಈ ಯೋಚನೆ ಬಂದ ದಾರಿ ಚಿಕ್ಕದಾಗಿ ಹೇಳಿಬಿಡುತ್ತೇನೆ. 2005ರಲ್ಲಿ ಅಮೆರಿಕದ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಸಂಗಡಿಗರು ಸಿ-ಸ್ಟೋರ್ ಎಂಬ ಕಾಲಂ ಡೇಟಾಬೇಸಿನ ಬಗ್ಗೆ ಬರೆದರು. ಮರುವರ್ಷ ಡೇನಿಯಲ್ ಅಬಾದಿ, ಸ್ಯಾಮ್ಯುಯೆಲ್ ಮ್ಯಾಡನ್, ಮಿಗೆಲ್ ಫೆರೇರಾ ಎಂಬ ಮೂವರು, ಒತ್ತಿದ ಡೇಟಾದ ಮೇಲೇ ನೇರ ಲೆಕ್ಕ ನಡೆಸಿದರೆ ಎಷ್ಟು ಲಾಭ ಎಂಬುದನ್ನು ಪ್ರಯೋಗ ಮಾಡಿ ತೋರಿಸಿದರು. 2010ರಲ್ಲಿ ಗೂಗಲ್ಲಿನವರ ಡ್ರೆಮೆಲ್ ಬಗೆಗಿನ ಲೇಖನ ಬಂತು. ಅದರ ಜಾಡು ಹಿಡಿದು 2013ರಲ್ಲಿ ಟ್ವಿಟರ್ ಮತ್ತು ಕ್ಲೌಡೆರಾ ಕಂಪನಿಗಳ ಎಂಜಿನಿಯರುಗಳು ಪಾರ್ಕೆ ಎಂಬ ಫೈಲ್ ಮಾದರಿ ಹೊರತಂದು ಎಲ್ಲರಿಗೂ ಉಚಿತವಾಗಿ ಕೊಟ್ಟರು. ನಮ್ಮ ಹುಡುಗಿ ಹಳೆಯ ದಾಖಲೆಗಳನ್ನು ಜೋಡಿಸಿದ್ದು ಈ ಪಾರ್ಕೆಯಲ್ಲೇ.

ಪಾರ್ಕೆ ಫೈಲಿನಲ್ಲಿ ಸಾಲುಗಳನ್ನು ಮೊದಲು ದೊಡ್ಡ ದೊಡ್ಡ ಕಂತೆಗಳಾಗಿ ಮಾಡುತ್ತಾರೆ, ಪ್ರತಿ ಕಂತೆಯೊಳಗೆ ಕಾಲಂಗಳು ಬೇರೆ ಬೇರೆ. ಪ್ರತಿ ಕಂತೆಯ ಪ್ರತಿ ಕಾಲಂಗೂ ಒಂದು ಚೀಟಿ ಇಡಬಹುದು: ಇದರಲ್ಲಿ ಅತಿ ಚಿಕ್ಕದು ಇಷ್ಟು, ಅತಿ ದೊಡ್ಡದು ಇಷ್ಟು. ನಮ್ಮ ನೋಟಿನ ಪ್ಯಾಕೆಟ್ಟಿನ ಚೀಟಿಯಂತೆಯೇ. ಈ ಚೀಟಿಗಳೆಲ್ಲ ಇರುವುದು ಫೈಲಿನ ಕೊನೆಯಲ್ಲಿ! ಪರಿವಿಡಿ ಕೊನೇ ಪುಟದಲ್ಲಿ ಯಾಕೆ ಅಂತ ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ಬರೆದು ಮುಗಿಸುವ ತನಕ ಯಾವ ಪುಟದಲ್ಲಿ ಏನಿದೆ ಅಂತ ಬರೆಯುವವನಿಗೂ ಗೊತ್ತಿರುವುದಿಲ್ಲವಲ್ಲ, ಅದಕ್ಕೆ. ಓದುವ ಪ್ರೋಗ್ರಾಮು ಮೊದಲು ಕೊನೆಗೆ ಹೋಗಿ ಚೀಟಿ ಓದಿ, ಆಮೇಲೆ ಬೇಕಾದ ಕಡೆಗೆ ಮಾತ್ರ ನೆಗೆಯುತ್ತದೆ.

ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 12 ಕೋಟಿ ವಹಿವಾಟು, ಕಂತೆಗೆ 10 ಲಕ್ಷ ಅಂದರೆ 120 ಕಂತೆ. ತಾರೀಕಿನ ಪ್ರಕಾರ ಜೋಡಿಸಿದ್ದರೆ ಒಂದು ತಿಂಗಳಿಗೆ ಸುಮಾರು ಹತ್ತು ಕಂತೆ. ಉಳಿದ 110ರ ಚೀಟಿ ನೋಡಿಯೇ "ಇಲ್ಲಿ ಇಲ್ಲ" ಅನ್ನಬಹುದು. ಆ ಹತ್ತರಲ್ಲೂ ನಲವತ್ತರಲ್ಲಿ ಮೂರು ಕಾಲಂ. ಕಾಲಂಗಳೆಲ್ಲ ಒಂದೇ ಗಾತ್ರ ಅಂತಿಟ್ಟುಕೊಂಡರೆ ಓದಬೇಕಾದದ್ದು 160ರಲ್ಲಿ ಒಂದು ಪಾಲು. ಏಳು ತಿಂಗಳಿಗಾದರೆ 160ರಲ್ಲಿ ಏಳು. ಅದರ ಮೇಲೆ, ಪಿಂಚಣಿ ಜಮಾ ಆಗುವುದು ಹೆಚ್ಚಾಗಿ ತಿಂಗಳ ಕೊನೆಗೆ. ತಿಂಗಳ ನಡುವಿನ ಅನೇಕ ಕಂತೆಗಳ ಪದಕೋಶದಲ್ಲಿ ಆ ಪದವೇ ಇರುವುದಿಲ್ಲ, ಅವೂ ಬಿಟ್ಟುಹೋದವು. ಉಳಿದ ಸಾಲುಗಳಲ್ಲಿ ಮೊತ್ತ ಎರಡರಿಂದ ಮೂರು ಸಾವಿರದೊಳಗೆ ಇರುವುದನ್ನು ಆರಿಸಿಕೊಂಡು, ಆ ಸಾಲುಗಳಿಗಷ್ಟೇ ಪಿಂಚಣಿ ಆದೇಶದ ನಂಬರಿರುವ ವಿವರದ ಕಾಲಂ ತೆರೆದರಾಯಿತು. ಉದ್ದುದ್ದ ಬರಹದ ಆ ಕಾಲಂ ಎಲ್ಲಕ್ಕಿಂತ ಭಾರ. ಅದನ್ನು ಕೊನೆಯಲ್ಲಿ, ಆದಷ್ಟು ಕಡಿಮೆ ಮುಟ್ಟುವುದೇ ಜಾಣತನ.

ಖಾತೆ ನಂಬರಿನಂಥ ಚೆಲ್ಲಾಪಿಲ್ಲಿ ಕಾಲಂಗೆ ಚಿಕ್ಕದು-ದೊಡ್ಡದು ಚೀಟಿ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಕಂತೆಯಲ್ಲೂ ಮೊದಲ ನಂಬರಿನಿಂದ ಕೊನೇ ನಂಬರಿನವರೆಗೆ ಎಲ್ಲ ಥರದ್ದೂ ಇರುತ್ತದೆ. ಅದಕ್ಕೆ 1970ರಲ್ಲಿ ಬರ್ಟನ್ ಬ್ಲೂಮ್ ಎಂಬವರು ಕೊಟ್ಟ ಜರಡಿ ಇದೆ. ಖಾಲಿ ಮನೆಗಳ ಒಂದು ಉದ್ದ ಸಾಲು ಅಂದುಕೊಳ್ಳಿ. ಕಂತೆಯಲ್ಲಿರುವ ಪ್ರತಿ ಖಾತೆ ನಂಬರನ್ನೂ ಒಂದು ಸೂತ್ರಕ್ಕೆ ಹಾಕಿ, ಬಂದ ನಾಲ್ಕೈದು ಮನೆಗಳಿಗೆ ಟಿಕ್ ಹಾಕುತ್ತಾರೆ. ಆಮೇಲೆ ಯಾರಾದರೂ ಒಂದು ನಂಬರು ಕೇಳಿದರೆ ಅದರ ಮನೆಗಳನ್ನು ನೋಡುವುದು. ಒಂದಾದರೂ ಖಾಲಿ ಇದ್ದರೆ ಆ ನಂಬರು ಈ ಕಂತೆಯಲ್ಲಿ ಖಂಡಿತ ಇಲ್ಲ. ಎಲ್ಲಕ್ಕೂ ಟಿಕ್ ಇದ್ದರೆ ಇರಬಹುದು, ಬೇರೆಯವರ ಟಿಕ್ಕೂ ಆಗಿರಬಹುದು, ತೆರೆದು ನೋಡಬೇಕು. ಇದರ "ಇದೆ"ಯನ್ನು ನಂಬುವ ಹಾಗಿಲ್ಲ, "ಇಲ್ಲ" ಮಾತ್ರ ಎಂದೂ ಸುಳ್ಳಾಗುವುದಿಲ್ಲ. ನನಗಂತೂ ಇದನ್ನು ಕೇಳಿದಾಗ ಅಜ್ಜಿ ನೆನಪಾದರು. ಆಕೆ ಐದು ವರ್ಷ ಕೇಳಿದ್ದು ಇಂಥದೇ ಒಂದು ನಂಬಿಕೆಯ "ಇಲ್ಲ"ವನ್ನು.

ಈ ಎಲ್ಲ ಉಪಾಯಗಳ ತಿರುಳು ಅದೇ ಅಂತ ನನಗೆ ಆಮೇಲೆ ಹೊಳೆಯಿತು. ಒಳ್ಳೆಯ ಆರ್ಕೈವ್ ಬೇಗ ಹುಡುಕುತ್ತದೆ ಎನ್ನುವುದಕ್ಕಿಂತ, ಎಲ್ಲಿ ಹುಡುಕಬೇಕಾಗಿಲ್ಲ ಎಂಬುದನ್ನು ಧೈರ್ಯವಾಗಿ ಹೇಳುತ್ತದೆ.

ಎಲ್ಲ ಜೋಡಿಸಿಯಾದ ಮೇಲೆ ಹುಡುಗಿಗೆ ಅಜ್ಜಿಯ ಪ್ರಶ್ನೆಯನ್ನೇ ಕೊಟ್ಟೆ, ವರ್ಷ ಮಾತ್ರ ಬೇರೆ. ಅವಳು ಡಕ್‌ಡಿಬಿ ಎಂಬ ಪ್ರೋಗ್ರಾಮಿನಲ್ಲಿ ಬರೆದದ್ದು ಐದಾರು ಸಾಲು. ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಹುಟ್ಟಿ 2019ರಲ್ಲಿ ಹೊರಬಂದ ಇದಕ್ಕೆ ದೊಡ್ಡ ಸರ್ವರ್ ಏನೂ ಬೇಕಿಲ್ಲ. ನಾನು ಕಟಿಂಗ್ ಚಾಯ್ ಎತ್ತಿ ಇಡುವುದರೊಳಗೆ ಪರದೆಯ ಮೇಲೆ ಉತ್ತರ ಇತ್ತು. "ಏನ್ ಸರ್, ಸುಮ್ಮನಾಗ್ಬಿಟ್ರಿ?" ಅಂದಳು. ಹನ್ನೊಂದು ವಾರದ ಕಥೆ ಹೇಳಿದೆ.

ಇದರಲ್ಲಿ ನಷ್ಟವೇ ಇಲ್ಲವೇ ಅಂತ ಕೇಳಬಹುದು. ಇದೆ. ಹೀಗೆ ಕಟ್ಟಿದ್ದರಲ್ಲಿ ಒಂದು ಸಾಲು ತಿದ್ದಬೇಕಾದರೆ ಕಂತೆಯನ್ನೇ ಹೊಸದಾಗಿ ಬರೆಯಬೇಕು. ಅದಕ್ಕೇ ದಿನದ ಜಮಾ-ಖರ್ಚು ನಡೆಯುವ ವ್ಯವಸ್ಥೆ ಇವತ್ತಿಗೂ ಸಾಲು ಸಾಲಾಗಿಯೇ ಇರುತ್ತದೆ, ಅಲ್ಲಿ ಪ್ರತಿ ವಹಿವಾಟಿಗೂ ಸಾಲು ಪೂರ್ತಿ ಬೇಕು. ಇನ್ನೂ ಬಿಗಿಯಾಗಿ ಒತ್ತಿದರೆ ಜಾಗ ಉಳಿದೀತು, ಬಿಚ್ಚುವ ಹೊತ್ತು ಹೆಚ್ಚೀತು. ಎಲ್ಲಕ್ಕಿಂತ ಮುಖ್ಯ, ಯಾವ ಕಾಲಂ ಪ್ರಕಾರ ಜೋಡಿಸಬೇಕು ಎನ್ನುವುದನ್ನು ಯಾವ ಸಾಫ್ಟ್‌ವೇರೂ ಜನರ ಪ್ರಶ್ನೆ ಗೊತ್ತಿಲ್ಲದೆ ಹೇಳಲಾರದು. ತಾರೀಕಿನ ಪ್ರಕಾರ ಜೋಡಿಸಿದರೆ ತಾರೀಕು ಕೇಳುವವರಿಗೆ ಸುಲಭ, ಶಾಖೆ ಕೇಳುವವರಿಗೆ ಕಷ್ಟ. ಕೌಂಟರಿನ ಮುಂದೆ ನಿಂತ ಜನ ಏನು ಕೇಳುತ್ತಾರೆ ಅಂತ ಗೊತ್ತಿದ್ದವರು ಆಗ ಪಕ್ಕದಲ್ಲಿ ಕೂರಬೇಕು. ನಮ್ಮಂಥ ಹಳೇ ಲೆಡ್ಜರ್ ಮಂದಿಗೆ ಇನ್ನೂ ಸ್ವಲ್ಪ ಕೆಲಸ ಉಳಿದಿದೆ ಅನ್ನುವ ಸಮಾಧಾನ ಅದೊಂದೇ!

ದಾಖಲೆ ಇಡುವ ಕಾಯಿದೆಗಳು ಎಷ್ಟು ವರ್ಷ ಇಡಬೇಕು ಅಂತ ಹೇಳುತ್ತವೆ. ಬ್ಯಾಂಕುಗಳಿಗೆ 1985ರ ನಿಯಮಗಳಲ್ಲಿ ಕೆಲವಕ್ಕೆ ಐದು ವರ್ಷ, ಕೆಲವಕ್ಕೆ ಎಂಟು ವರ್ಷ ಅಂತಿದೆ. ಆದರೆ ಇಟ್ಟದ್ದು ಕೇಳಿದಾಗ ಸಿಗದಿದ್ದರೆ, ಕೇಳಿದವರ ಪಾಲಿಗೆ ಅದು ಇದ್ದೂ ಇಲ್ಲದಂತೆ.

ಈಗ ಯಾರಾದರೂ ಹೊಸ ಆರ್ಕೈವ್ ಮಾರಲು ಬಂದರೆ ಮೊದಲ ಸ್ಲೈಡಿನಲ್ಲೇ "ನಿಮ್ಮ ಡೇಟಾವನ್ನು ಹತ್ತನೇ ಒಂದು ಪಾಲಿಗೆ ಇಳಿಸುತ್ತೇವೆ" ಅಂತ ಶುರು ಮಾಡುತ್ತಾರೆ. ನಾನು ಕೈ ಎತ್ತಿ ಒಂದೇ ಮಾತು ಕೇಳುತ್ತೇನೆ: ಎಷ್ಟು ಚಿಕ್ಕದು ಮಾಡ್ತೀರಿ ಅನ್ನೋದು ಆಮೇಲೆ ಇರಲಿ, "ಇಲ್ಲ" ಅಂತ ಹೇಳೋಕೆ ನಿಮಗೆ ಎಷ್ಟು ಹೊತ್ತು ಬೇಕು?